ಸಹಾಯ ಬೇಕು: ಕುಂಬಳೆ ಜಾತ್ರೆಯಲ್ಲಿ ಅಡಿಕೆ ಹಾಳೆಯ ಚಿತ್ರಗಳ ಮಾರಾಟ

ಮಾನ್ಯ ಸದಸ್ಯರೇ,

ಜನವರಿಯಲ್ಲಿ ನಡೆಯುವ, ಕಾಸರಗೋಡು ಜಿಲ್ಲೆಯ ಕುಂಬಳೆ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಯ ಸಂತೆಯಲ್ಲಿ, ಅಡಿಕೆ ಹಾಳೆಯ ಮೇಲೆ ಅಕ್ರಿಲಿಕ್ ಬಣ್ಣ ಹಾಗೂ ಕಾಸರಗೋಡು ಸೀರೆಯ ತುಂಡುಗಳನ್ನು ಸೇರಿಸಿ ಮಾಡಿದ ಯಕ್ಷಗಾನ ವೇಷಗಳ ಚಿತ್ರಗಳನ್ನು ಮಾರಬೇಕೆಂದು ನಾವು ಮೂವರು ನಿರ್ಧರಿಸಿದ್ದೇವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ ವೇಷದ ಬಣ್ಣ ತಪ್ಪಿದರೆ ಹಿಡಿದು ಕೇಳುವವರಿದ್ದಾರೆ, ಆ ಭಯವೂ ಇದೆ.

ನಮ್ಮ ಮುಖ್ಯ ತೊಂದರೆ ಹಾಳೆಯದು. ಕಳೆದ ವರ್ಷ ಬೇರೊಂದು ಉತ್ಸವದಲ್ಲಿ, ರಾತ್ರಿಯ ಇಬ್ಬನಿಗೆ ಮೆತ್ತಗಾದ ಹಾಳೆಗಳು ಮರುದಿನದ ಬಿಸಿಲಿಗೆ ಒಣಗಿ ಸುರುಟಿಕೊಂಡವು. ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಉಬ್ಬಿಸಿದ್ದ ಕಿರೀಟವೊಂದು ಗಿರಾಕಿಯ ಕೈಯಲ್ಲೇ ಬಿರುಕುಬಿಟ್ಟಿತು. ಹಾಳೆಯನ್ನು ನೆನೆಸಿ, ಭಾರವಿಟ್ಟು ಒಣಗಿಸುವುದು ನಮಗೆ ಗೊತ್ತು. ಆದರೆ ಹಿಂಬದಿಗೂ ವಾರ್ನಿಷ್ ಹಚ್ಚಬೇಕೇ, ಪ್ಲೈವುಡ್ಡಿಗೆ ಅಂಟಿಸಬೇಕೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಜೊತೆಗೆ, ಎರಡು ದಿನ ಕೆಲಸ ಹಿಡಿಯುವ ಒಂದಡಿಯ ಚಿತ್ರಕ್ಕೆ 600 ರೂಪಾಯಿ ಹೇಳಿದರೆ ಜಾತ್ರೆಯ ಜನ ಒಪ್ಪುವರೇ? ಬೆಲೆಚೀಟಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯುತ್ತೇವೆ. ನಮ್ಮ ಮಲಯಾಳ ಬರಹವನ್ನು ಒಮ್ಮೆ ತಿದ್ದಿಕೊಡುವವರಿದ್ದರೆ ದೊಡ್ಡ ಉಪಕಾರ. ಬೆಡಿಯ (ಸಿಡಿಮದ್ದಿನ ಪ್ರದರ್ಶನದ) ರಾತ್ರಿಯ ನೂಕುನುಗ್ಗಲಿನಲ್ಲಿ ಮಳಿಗೆ ತೆರೆದಿಡುವುದು ಕ್ಷೇಮವೇ ಎಂಬುದನ್ನೂ ಅಲ್ಲಿ ವ್ಯಾಪಾರ ಮಾಡಿದವರು ಹೇಳಬೇಕಾಗಿ ವಿನಂತಿ.