ಹಳೆ ಹಂಚಿನ ಮನೆ, ಮರಪಟ್ಟಿ ವೈರಿಂಗ್: ದೀಪದ ಲೈನು ಪೂರಾ ಬದಲಿಸುವುದು ಹೇಗೆ?

ಪ್ರಶ್ನೆ
ಪೆರ್ಲದ ಹತ್ತಿರ ಮುರಕಲ್ಲಿನ (ಜಂಬಿಟ್ಟಿಗೆ) ಹಂಚಿನ ಮನೆ, ಹಂಚಿನ ಕೆಳಗೆ ಮರದ ಮುಚ್ಚಿಗೆ (ಹಲಗೆಯ ಅಟ್ಟ). ದನದ ಹಟ್ಟಿಯದ್ದೂ ಸೇರಿ 22 ದೀಪ, 4 ಫ್ಯಾನ್. ಮರಪಟ್ಟಿಗೆ ಕ್ಲಿಪ್ ಹೊಡೆದ ಹಳೆ ವೈರಿಂಗ್, ಎಲ್ಲದಕ್ಕೂ ಸೇರಿ ಎರಡೇ ಪಿಂಗಾಣಿ ಫ್ಯೂಸ್. ಉಪ್ಪರಿಗೆಯ ಎಲ್‌ಇಡಿ ಬಲ್ಬು ಸ್ವಿಚ್ ಆಫ್ ಮಾಡಿದರೂ ಮಿಣಮಿಣ ಉರಿಯುತ್ತದೆ. ಇನ್ವರ್ಟರ್ ಇದೆ. ಗೋಡೆ ಕೊರೆದು ಪೈಪ್ ಹಾಕಬೇಕಾ? ಪತ್ತನಾಜೆಯೊಳಗೆ (ಮೇ ಕೊನೆ, ಮಳೆಗಾಲಕ್ಕೆ ಮೊದಲು) ಮುಗಿಸಬೇಕು.

ಉತ್ತರ 1
ಮೊದಲು ಆ ಬಲ್ಬಿನ ವಿಷಯ. ಹಳೆ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿಗೆ (ಕರೆಂಟು ಬರುವ ತಂತಿ) ಬದಲು ನ್ಯೂಟ್ರಲಿಗೆ (ಕರೆಂಟು ಮರಳುವ ತಂತಿ) ಕೊಟ್ಟಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿಗೆ ಕರೆಂಟು ಬಂದೇ ಇರುತ್ತದೆ. ವೈರ್‌ಮ್ಯಾನ್ ಹತ್ತಿರ ಬಲ್ಬು ತೆಗೆಸಿ, ಸ್ವಿಚ್ ಆಫ್ ಇಟ್ಟು, ಹೋಲ್ಡರಿನ ಎರಡೂ ಪಿನ್ನಿಗೆ ಟೆಸ್ಟರ್ ಮುಟ್ಟಿಸಿ ನೋಡಿಸಿ. ಒಂದರಲ್ಲಿ ಚೆನ್ನಾಗಿ ಹೊಳೆದರೆ ಸಂಶಯವೇ ಬೇಡ. ಅಲ್ಲಿವರೆಗೆ ಆ ಬಲ್ಬು ಬದಲಿಸುವಾಗ ಮೈನ್ ಆಫ್ ಮಾಡದೆ ಕೈ ಹಾಕಬೇಡಿ. ಮೈನ್ ಮಾತ್ರ ಸಾಲದು, ಇನ್ವರ್ಟರೂ ಆಫ್ ಆಗಬೇಕು.

ಉತ್ತರ 2
ಗೋಡೆ ಕೊರೆಯಬೇಡಿ. ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಕೊರೆದ ಕಡೆ ಪುಡಿ ಉದುರಿ ಬಾಕ್ಸಿನ ಸ್ಕ್ರೂ ನಿಲ್ಲುವುದಿಲ್ಲ. 20 ಮಿ.ಮೀ. ಪಿವಿಸಿ ಪೈಪನ್ನು ಮುಚ್ಚಿಗೆಯ ಮೇಲೆ ತೊಲೆಯ ಗುಂಟ ಒಯ್ದು, ಸ್ವಿಚ್ ಬೋರ್ಡಿಗೆ ಇಳಿಯುವಲ್ಲಿ ಮಾತ್ರ ಗೋಡೆಯ ಹೊರಮೈಯಲ್ಲಿ 60 ಸೆಂ.ಮೀ.ಗೊಂದು ಸ್ಯಾಡಲ್ (ಪೈಪ್ ಹಿಡಿಯುವ ಪಟ್ಟಿ) ಹೊಡೆಯಿರಿ. ಹಂಚು ಹೊರುವ ಪಕ್ಕಾಸಿಗೆ, ರೀಪಿಗೆ ಕಟ್ಟಬೇಡಿ. ಹಂಚು ಒಡೆದರೆ ನೀರು ಬೀಳುವುದು ಅಲ್ಲಿಗೇ. ಜಂಕ್ಷನ್ ಬಾಕ್ಸಿಗೆ ಪೈಪ್ ಪಕ್ಕದಿಂದ ಇಲ್ಲವೇ ಕೆಳಗಿನಿಂದ ಸೇರಲಿ, ಮೇಲಿನಿಂದ ಬೇಡ. ಮುಚ್ಚಿಗೆಯ ಮೇಲೆ ಒಂದು ಗೇಣು ತಂತಿಯೂ ಪೈಪಿನ ಹೊರಗೆ ಇರಬಾರದು, ಇಲಿ ಮೊದಲು ಕಡಿಯುವುದೇ ಅದನ್ನು.

ದೀಪಕ್ಕೆ 1.5 ಚ.ಮಿ.ಮೀ. ತಾಮ್ರದ, ಬೆಂಕಿ ಬೇಗ ಹರಡದ ಎಫ್‌ಆರ್ ತಂತಿ ಸಾಕು. ಒಂದು ಪೈಪಿನಲ್ಲಿ ಐದಾರಕ್ಕಿಂತ ಹೆಚ್ಚು ತುರುಕಬೇಡಿ. ಲೆಕ್ಕ ಹೀಗೆ: ಬೋರ್ಡಿನಿಂದ ದೀಪಕ್ಕೆ 8 ಮೀಟರ್ ದಾರಿ ಇದ್ದರೆ ಕೆಂಪು, ಕಪ್ಪು, ಹಸಿರು ಸೇರಿ 24 ಮೀಟರ್. ಕಾಯಿಲ್ ಬರುವುದು 90 ಮೀಟರಿನದ್ದು. ಹಸಿರು ತಂತಿ ಉಳಿಸಲು ಹೋಗಬೇಡಿ, ಹಿತ್ತಾಳೆ ಹೋಲ್ಡರ್, ಫ್ಯಾನ್ ಎಲ್ಲದಕ್ಕೂ ಅರ್ಥ್ ಬೇಕು.

ಉತ್ತರ 3
ಒಂದು ಲೈಟಿಂಗ್ ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವಾಟ್ ಮಿತಿ. ನಿಮ್ಮದು 26 ಪಾಯಿಂಟ್. ಮನೆಯೊಳಗೆ ಮೂರು, ಹಟ್ಟಿಗೆ ಬೇರೆಯೇ ಒಂದು, ಒಟ್ಟು ನಾಲ್ಕು ಮಾಡಿ, ಪ್ರತಿಯೊಂದಕ್ಕೂ 6 ಆಂಪಿಯರ್ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್). ಅವುಗಳಿಗೆ ಮೊದಲು, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಹಟ್ಟಿಗೆ ಅದು ಪ್ರತ್ಯೇಕ ಇದ್ದರೆ ಒಳ್ಳೆಯದು. ಒದ್ದೆ ನೆಲದಲ್ಲಿ ನಿಂತ ದನಕ್ಕೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಶಾಕೂ ತಾಗುತ್ತದೆ.

ಹೆಚ್ಚಿನವರು ತಪ್ಪುವುದು ನ್ಯೂಟ್ರಲಿನಲ್ಲಿ. ಇನ್ವರ್ಟರಿಗೆ ಕರೆಂಟನ್ನು ಆರ್‌ಸಿಸಿಬಿಯ ಮೊದಲೇ ತೆಗೆದು, ಅದರ ದೀಪಗಳ ನ್ಯೂಟ್ರಲನ್ನು ಮಾತ್ರ ಮನೆಯ ನ್ಯೂಟ್ರಲಿಗೆ ಸೇರಿಸಿದರೆ, ಹೋದ ದಾರಿ ಒಂದು, ಮರಳಿದ ದಾರಿ ಇನ್ನೊಂದು. ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ‘ಉಪಕರಣ ಸರಿಯಿಲ್ಲ’ ಅಂತ ಅದನ್ನೇ ಕಿತ್ತು ಹಾಕುತ್ತಾರೆ. ಇನ್ವರ್ಟರ್ ದೀಪಗಳಿಗೆ ನ್ಯೂಟ್ರಲ್ ಬಾರ್ (ನ್ಯೂಟ್ರಲ್ ತಂತಿಗಳು ಸೇರುವ ಪಟ್ಟಿ) ಬೇರೆಯೇ ಇಡಿಸಿ.

ಪ್ರಶ್ನೆ ಕೇಳಿದವರು
ತುಂಬ ಉಪಕಾರ. ಕೆಲಸ ಮುಗಿದ ಮೇಲೆ ಏನೇನು ಪರೀಕ್ಷೆ ಮಾಡಿಸಬೇಕು?

ಉತ್ತರ 3
ಮೆಗ್ಗರ್ (ತಂತಿಯ ಸಿಪ್ಪೆಯಿಂದ ಕರೆಂಟು ಸೋರುತ್ತದೋ ಎಂದು ಅಳೆಯುವ ಉಪಕರಣ) ಹಾಕದೆ ಕರೆಂಟು ಕೊಡಿಸಬೇಡಿ. ಬಲ್ಬು, ಇನ್ವರ್ಟರ್, ಫ್ಯಾನಿನ ರೆಗ್ಯುಲೇಟರ್ ಬಿಚ್ಚಿಟ್ಟು, ಸ್ವಿಚ್ ಎಲ್ಲ ಆನ್ ಮಾಡಿ, ಫೇಸ್ ನ್ಯೂಟ್ರಲ್ ಜೋಡಿಸಿ ಅರ್ಥಿಗೆ 500 ವೋಲ್ಟಿನಲ್ಲಿ ನೋಡಬೇಕು. 1 ಮೆಗಾಓಮಿಗಿಂತ ಕಡಿಮೆ ಬರಲೇಬಾರದು. ಹೊಸ ತಂತಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಬಾರದಿದ್ದರೆ ಎಲ್ಲೋ ತಂತಿಯ ಸಿಪ್ಪೆ ಹರಿದಿದೆ, ಇಲ್ಲವೇ ಬಾಕ್ಸಿನಲ್ಲಿ ನೀರಿದೆ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಅರ್ಥ್ ಸರಿ ಇದೆ ಎಂದಲ್ಲ. ಅರ್ಥ್ ಇಲ್ಲದಿದ್ದರೂ ಅದು ಬೀಳುತ್ತದೆ. ಅರ್ಥನ್ನು ಬೇರೆಯಾಗಿ ಅಳೆಯಿಸಿ, ಅದೂ ನೆಲ ಒಣಗಿರುವ ಈಗಲೇ.

ಉತ್ತರ 2
ಹಳೆ ತಂತಿಯನ್ನು ಮುಚ್ಚಿಗೆಯ ಮೇಲೆ ಬಿಡಬೇಡಿ, ಪೂರಾ ಎಳೆದು ತೆಗೆಸಿ. ಬಿಟ್ಟರೆ ಮುಂದೊಂದು ದಿನ ಯಾರಾದರೂ ಗೊತ್ತಿಲ್ಲದೆ ಅದಕ್ಕೇ ಲೈನು ಕೊಟ್ಟಾರು.