ಆರ್ಕ್ ಆಟದ ರೆಡ್‌ವುಡ್ ಕಾಡಿನಲ್ಲಿ ಥೈಲಕೋಲಿಯೋದಿಂದ ಪಾರಾಗುವುದು ಹೇಗೆ?

ಜೌಗುದಾರಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ‘ಆರ್ಕ್: ಸರ್ವೈವಲ್ ಇವಾಲ್ವ್ಡ್’ ವಿಡಿಯೋ ಆಟದ ‘ದಿ ಐಲ್ಯಾಂಡ್’ ನಕ್ಷೆಯಲ್ಲಿ ಜೌಗು ಪ್ರದೇಶದ ಗುಹೆಗೆ ಇಳಿಯಬೇಕೆಂದರೆ ವಿಷಾನಿಲವನ್ನು ತಡೆಯುವ ಗ್ಯಾಸ್ ಮಾಸ್ಕ್ ಬೇಕು, ಅದನ್ನು ತಯಾರಿಸಲು ರೆಡ್‌ವುಡ್ ಮರದ ರಸ ಬೇಕು. ಹೀಗಾಗಿ ಮರಗಳಿಗೆ ರಸದ ನಲ್ಲಿ ಕೂರಿಸಲು, ನನ್ನ ಪಳಗಿದ ಡೈನೋಸಾರ್ ಆದ ರ‍್ಯಾಪ್ಟರ್ ಏರಿ ಹೋದಾಗಲೆಲ್ಲ ಮೇಲಿನಿಂದ ಥೈಲಕೋಲಿಯೋ ಎಂಬ ಬೇಟೆ ಪ್ರಾಣಿ ಎರಗಿ ನನ್ನನ್ನು ನೆಲಕ್ಕೆ ಕೆಡವುತ್ತದೆ. ನನ್ನ ರ‍್ಯಾಪ್ಟರ್ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತದೆ. ಇದನ್ನು ಎದುರಿಸುವ ಬಗೆ ಯಾವುದು?

ಕಲ್ಲುಗೂಡು:
ನಿಮ್ಮ ರ‍್ಯಾಪ್ಟರ್ ‘ಪ್ಯಾಸಿವ್’ (ದಾಳಿಯಾದರೂ ಸುಮ್ಮನಿರುವ) ಸ್ಥಿತಿಯಲ್ಲಿದೆ ಎಂದು ತೋರುತ್ತದೆ. ಕಾಡಿಗೆ ಕಾಲಿಡುವ ಮೊದಲೇ ಅದನ್ನು ‘ನ್ಯೂಟ್ರಲ್’ಗೆ ಬದಲಿಸಿ, ಆಗ ನೀವು ಕೆಳಗೆ ಬಿದ್ದರೂ ಅದು ತಾನಾಗಿಯೇ ತಿರುಗಿ ಬೀಳುತ್ತದೆ. ಈ ಪ್ರಾಣಿಯ ಅಪಾಯವಿರುವುದು ಅದರ ಹಲ್ಲಿನಲ್ಲಿ ಮಾತ್ರವಲ್ಲ, ಸವಾರನನ್ನು ಸವಾರಿಯಿಂದ ಬೇರ್ಪಡಿಸುವ ಆ ಒಂದು ನೆಗೆತದಲ್ಲಿ. ಎಷ್ಟೇ ಬಲವಾದ ಪ್ರಾಣಿಯನ್ನು ಏರಿದ್ದರೂ, ಕೆಳಗೆ ಬಿದ್ದ ಕ್ಷಣದಿಂದ ನೀವು ಬರಿಯ ಮನುಷ್ಯ. ರೆಕ್ಸ್‌ನಂಥ ದೊಡ್ಡ ಪ್ರಾಣಿಯ ಬೆನ್ನ ಮೇಲೆ ಈ ಅಪಾಯ ಬಹಳ ಕಡಿಮೆ, ಆದರೆ ಆ ಮರಗಳ ನಡುವೆ ಅದನ್ನು ತಿರುಗಿಸುವುದೇ ಒಂದು ಶಿಕ್ಷೆ.

ಇನ್ನೊಂದು ವಿಷಯ. ನಾವೆಲ್ಲ ದಾರಿಯನ್ನೇ ನೋಡುತ್ತಾ ಸಾಗುತ್ತೇವೆ, ಥೈಲಕೋಲಿಯೋ ಮಾತ್ರ ಕಾಂಡಕ್ಕೆ ಅಂಟಿಕೊಂಡು ತೊಗಟೆಯ ಬಣ್ಣದಲ್ಲೇ ಕರಗಿಹೋಗಿರುತ್ತದೆ. ಆದ್ದರಿಂದ ಕಾಡಿನ ಅಂಚಿನಲ್ಲಿ ನಿಂತು, ದೂರದರ್ಶಕವಾದ ಸ್ಪೈಗ್ಲಾಸ್‌ನಿಂದ ಒಂದೊಂದು ಕಾಂಡವನ್ನೂ ಬುಡದಿಂದ ಮೇಲಕ್ಕೆ ನೋಡಿಯೇ ಮುಂದುವರಿಯಿರಿ. ಅಲ್ಲಿರುವ ಪುಟ್ಟ ಡೈನೋಸಾರ್ ಮೈಕ್ರೋರ‍್ಯಾಪ್ಟರ್ ಕೂಡ ಸವಾರನನ್ನು ಕೆಡವಬಲ್ಲದು, ಗಾತ್ರ ನೋಡಿ ಅದನ್ನು ಕಡೆಗಣಿಸಬೇಡಿ.

ಹಳೆಮೂಳೆ:
ಪ್ರಶ್ನೆಗೆ ಸಂಬಂಧಿಸಿದ್ದೇ ಆದ್ದರಿಂದ ನಿಜವಾದ ಪ್ರಾಣಿಯ ಕುರಿತು ಎರಡು ಮಾತು. ಥೈಲಕೋಲಿಯೋ ಕಾರ್ನಿಫೆಕ್ಸ್ ಆಸ್ಟ್ರೇಲಿಯಾದಲ್ಲಿದ್ದ ಹೊಟ್ಟೆಚೀಲದ ಬೇಟೆಗಾರ. 1859ರಲ್ಲಿ ರಿಚರ್ಡ್ ಓವನ್ ಅದನ್ನು ವಿವರಿಸಿದರು. ಹೆಸರಿನ ‘ಲಿಯೋ’ ಎಂದರೆ ಸಿಂಹವಾದರೂ ಇಂದು ಬದುಕಿರುವ ಅದರ ಹತ್ತಿರದ ನೆಂಟರು ವೊಂಬ್ಯಾಟ್ ಮತ್ತು ಕೊವಾಲಾ, ಎರಡೂ ಸಸ್ಯಾಹಾರಿಗಳು. ಇದೂ ಸಸ್ಯಾಹಾರಿಯೇ ಆಗಿತ್ತೆಂದು 19ನೇ ಶತಮಾನದಲ್ಲಿ ಕೆಲವರು ವಾದಿಸಿದ್ದರು. ಆದರೆ ಕತ್ತರಿಯಂತೆ ಮಾಂಸವನ್ನು ಸೀಳುವ ಅದರ ಮುಂದವಡೆ ಹಲ್ಲುಗಳೂ, ಹೆಬ್ಬೆರಳಿನ ದೊಡ್ಡ ಕೊಕ್ಕೆಯುಗುರೂ ಬೇರೆಯದನ್ನೇ ಹೇಳುತ್ತವೆ. ಅದರ ತೂಕ ಸುಮಾರು 100ರಿಂದ 130 ಕಿಲೋ, ಅಂದರೆ ಮನುಷ್ಯ ಸವಾರಿ ಮಾಡುವಷ್ಟು ದೊಡ್ಡದಲ್ಲ.

ಅದು ಹತ್ತಬಲ್ಲದಾಗಿತ್ತು ಎಂಬುದಕ್ಕೆ ಆಧಾರವಿದೆ. ಪಶ್ಚಿಮ ಆಸ್ಟ್ರೇಲಿಯಾದ ಗುಹೆಯೊಂದರ ಬಂಡೆಯ ಮೇಲಿನ ಉಗುರಿನ ಗೀರುಗಳು ಅದರವೇ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿತು. ಮರದಿಂದ ಎರಗಿ ಬೇಟೆಯಾಡುತ್ತಿತ್ತು ಎಂಬುದು ಮಾತ್ರ ಊಹೆ. ನಮ್ಮ ಚಿರತೆಯನ್ನು ಬಲ್ಲವರಿಗೆ ಅದು ಅಸಹಜವೆನಿಸದು. ರೆಡ್‌ವುಡ್ ಮರಗಳು ಇರುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಆದ್ದರಿಂದ ಇವೆರಡನ್ನು ಒಂದೆಡೆ ಸೇರಿಸಿದ್ದು ಆಟದವರ ಸ್ವಾತಂತ್ರ್ಯ. ಒಳ್ಳೆಯ ಸ್ವಾತಂತ್ರ್ಯವೇ, ಅನ್ನಿ.

ಕಲ್ಲುಗೂಡು:
ಒಂದನ್ನು ಪಳಗಿಸಿಕೊಂಡರೆ ನಿಮ್ಮ ಕೆಲಸ ಇನ್ನೂ ಸಲೀಸು, ಏಕೆಂದರೆ ಪಳಗಿದ ಥೈಲಕೋಲಿಯೋ ನಿಮ್ಮನ್ನು ಹೊತ್ತುಕೊಂಡೇ ರೆಡ್‌ವುಡ್ ಮರವನ್ನು ಏರುತ್ತದೆ. ಕಾಡಿನ ಹೊರಗಿನ ಬಯಲಿನಲ್ಲಿ ಕಲ್ಲಿನ ಬಾಗಿಲು ಚೌಕಟ್ಟುಗಳಿಂದ ಎತ್ತರದ ಪಂಜರವೊಂದನ್ನು ಕಟ್ಟಿ, ಹೊರಗಿನಿಂದ ಏರುದಾರಿ ಇಡಿ. ಅದು ನಿಮ್ಮನ್ನು ಅಟ್ಟಿಸಿಕೊಂಡು ಬಂದು ಒಳಗೆ ಬೀಳುತ್ತದೆ. ನೀವು ಚೌಕಟ್ಟಿನ ಸಂದಿಯಲ್ಲಿ ಹೊರಬರಬಹುದು, ಅದಕ್ಕೆ ಬರಲಾಗದು. ಅರಿವಳಿಕೆ ಬಾಣಗಳಿಂದ ಮಲಗಿಸಿದ ಬಳಿಕ ಸಾಧಾರಣ ಮಾಂಸಕ್ಕಿಂತ ಕುರಿಮಾಂಸ ಕೊಡಿ, ಬೇಗ ಪಳಗುತ್ತದೆ. ಮರದ ಪಂಜರ ಬೇಡ, ಅದು ಒಡೆದು ಹೊರಬರುತ್ತದೆ.

ಜೌಗುದಾರಿ:
ಇಬ್ಬರಿಗೂ ಧನ್ಯವಾದಗಳು. ರ‍್ಯಾಪ್ಟರ್ ‘ಪ್ಯಾಸಿವ್’ನಲ್ಲಿಯೇ ಇತ್ತು, ಬದಲಿಸಿದ್ದೇನೆ. ಪಂಜರಕ್ಕೆ ಕಲ್ಲು ಕೂಡಿಸುತ್ತಿದ್ದೇನೆ. ಬಯಲಿಗೆ ಕರೆತರುವಾಗ ಒಂದರ ಹಿಂದೆ ಇನ್ನೊಂದು ಬಂದರೆ ಏನು ಮಾಡಬೇಕು?

ಕಲ್ಲುಗೂಡು:
ಕಡಿಮೆ ಲೆವೆಲ್‌ನದನ್ನು ಮೊದಲು ಕೊಂದುಬಿಡಿ. ಎರಡನ್ನೂ ಒಂದೇ ಪಂಜರಕ್ಕೆ ಬೀಳಿಸಿದರೆ ಯಾವುದಕ್ಕೆ ಬಾಣ ತಗುಲಿತು ಎಂಬುದೇ ತಿಳಿಯುವುದಿಲ್ಲ.