ಸೈಜ್ ಮಾಡಿದ ಮೇಲೆ ಕೇಸ್ ಇನ್ನೂ ಬಿಗಿ! ಡೈ ಕೆಟ್ಟಿದೆಯಾ?

ಹೊಸಬ:
ನಮಸ್ಕಾರ. .308 ವಿಂಚೆಸ್ಟರ್ ರೀಲೋಡ್ ಮಾಡುವುದನ್ನು, ಅಂದರೆ ಹಾರಿಸಿದ ಹಿತ್ತಾಳೆ ಕೇಸನ್ನೇ ಮತ್ತೆ ತೋಟಾ ಮಾಡಿಕೊಳ್ಳುವುದನ್ನು, ಈಚೆಗೆ ಶುರು ಮಾಡಿದ್ದೇನೆ. ಬೋಲ್ಟ್ ಆಕ್ಷನ್ ರೈಫಲ್, ಫುಲ್ ಲೆಂತ್ ಸೈಜಿಂಗ್ ಡೈ (ಹಿಗ್ಗಿದ ಕೇಸನ್ನು ಪ್ರೆಸ್‌ನಲ್ಲಿ ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು). ಹಾರಿಸಿದ ಖಾಲಿ ಕೇಸನ್ನು ಹಾಗೇ ಚೇಂಬರ್‌ಗೆ ಹಾಕಿದರೆ ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ. ಅದನ್ನೇ ಸೈಜ್ ಮಾಡಿ ಹಾಕಿದರೆ ಬಿಗಿ. ಸೈಜ್ ಆದ ಮೇಲೆ ಚಿಕ್ಕದಾಗಬೇಕಲ್ವಾ? ಹಿತ್ತಾಳೆ ಜಾಸ್ತಿ ದಣಿಯದಿರಲಿ ಅಂತ ಡೈಗೂ ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೂ ನಡುವೆ ಒಂದು ನಾಣ್ಯದಷ್ಟು ಸಂದಿ ಬಿಟ್ಟಿದ್ದೇನೆ. ಸಾಲದ್ದಕ್ಕೆ ನಿನ್ನೆ ಒಂದು ಕೇಸ್ ಡೈ ಒಳಗೇ ಕಚ್ಚಿಕೊಂಡಿದೆ. ಡೈ ಬದಲಾಯಿಸಬೇಕಾ? ಅನುಭವ ಇರುವವರು ಹೇಳಿ.

ಹಳೇ ಪ್ರೆಸ್:
ಡೈಗೆ ಏನೂ ಆಗಿಲ್ಲ, ದುಡ್ಡು ಉಳಿಸಿಕೊಳ್ಳಿ. ತೊಂದರೆ ಆ ನಾಣ್ಯದ ಸಂದಿಯಲ್ಲೇ ಇದೆ. ನಾನೂ ಇದೇ ಹೊಂಡಕ್ಕೆ ಬಿದ್ದು ಎರಡು ತಿಂಗಳು ರೈಫಲ್ಲನ್ನೇ ಬೈದವನು.

ಉದ್ದನೆಯ ಬಲೂನಿನ ಹೊಟ್ಟೆ ಹಿಸುಕಿ ನೋಡಿ. ತುದಿ ಮುಂದಕ್ಕೆ ಉಬ್ಬುತ್ತದೆ. ಕೇಸ್ ಡೈ ಒಳಗೆ ಹೋಗುವಾಗ ಮೊದಲು ಅದರ ಮೈ ಹಿಸುಕಿಸಿಕೊಳ್ಳುತ್ತದೆ. ಆಗ ಹಿತ್ತಾಳೆಗೆ ಹೋಗಲು ಜಾಗ ಇರುವುದು ಮುಂದಕ್ಕೆ ಮಾತ್ರ, ಹಾಗಾಗಿ ಶೋಲ್ಡರ್ (ಮೈ ಕತ್ತಿಗೆ ಕಿರಿದಾಗುವ ಇಳಿಜಾರು) ಮುಂದೆ ಸರಿಯುತ್ತದೆ. ಕೇಸ್ ಇನ್ನೂ ಮೇಲೆ ಹೋದಾಗಲೇ ಡೈಯ ಶೋಲ್ಡರ್ ತಾಗಿ ಅದನ್ನು ಹಿಂದಕ್ಕೆ ತಳ್ಳುವುದು. ನೀವು ಸಂದಿ ಬಿಟ್ಟು ಅರ್ಧದಲ್ಲೇ ನಿಲ್ಲಿಸಿದ್ದೀರಿ. ಅಂದರೆ ಹಿಸುಕಿದ್ದಾಯಿತು, ತಳ್ಳಿದ್ದು ಆಗಲಿಲ್ಲ. ನನ್ನ ಕೇಸ್ ಹಾರಿಸಿದ ಮೇಲೆ ಕಂಪ್ಯಾರೇಟರ್‌ನಲ್ಲಿ (ಬುಡದಿಂದ ಶೋಲ್ಡರ್‌ವರೆಗೆ ಅಳೆಯುವ ಸಾಧನ) 1.630 ಇಂಚು ತೋರಿಸುತ್ತಿತ್ತು, ಅರೆಬರೆ ಸೈಜ್ ಮಾಡಿದ ಮೇಲೆ 1.633. ಸೈಜ್ ಮಾಡಿ ಉದ್ದ ಮಾಡಿಕೊಂಡಿದ್ದೆ!

ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಅಳೆಯಿರಿ. ಸಾಮಾನ್ಯ ಡೈಯ ತಿರುಪಿನ ಮರೆ ಇಂಚಿಗೆ 14 ಸುತ್ತು, ಅಂದರೆ ಒಂದು ಪೂರ್ತಿ ಸುತ್ತಿಗೆ ಸುಮಾರು 0.071 ಇಂಚು. ಗಡಿಯಾರದ ನಿಮಿಷದ ಮುಳ್ಳು ಎರಡು ಗೀಟು ಸರಿದಷ್ಟು ತಿರುಗಿಸಿದರೆ 0.002 ಇಂಚಿಗಿಂತ ಚೂರು ಜಾಸ್ತಿ. ಬೋಲ್ಟ್ ಆಕ್ಷನ್‌ಗೆ ಶೋಲ್ಡರ್ ಹಿಂದೆ ಸರಿಯಬೇಕಾದದ್ದೂ ಹೆಚ್ಚುಕಮ್ಮಿ ಅಷ್ಟೇ, 0.001ರಿಂದ 0.002. ಅಳೆಯುವ ಮೊದಲು ಹಾರಿದ ಪ್ರೈಮರ್ (ಕೇಸಿನ ಬುಡದಲ್ಲಿ ಕೂರುವ ಕಿಡಿ ಬಟ್ಟಲು) ತೆಗೆಯಿರಿ. ಅದು ಕೂದಲೆಳೆಯಷ್ಟು ಹೊರಗಿದ್ದರೂ ಅಳತೆ ಸುಳ್ಳು ಹೇಳುತ್ತದೆ.

ಕೊರೆಕಂಬಿ:
ಕಚ್ಚಿಕೊಂಡ ಕೇಸಿನ ಬಗ್ಗೆ ನಾನು ಹೇಳುತ್ತೇನೆ, ಅದರಲ್ಲಿ ನನಗೆ ಬೇಡವೆನಿಸುವಷ್ಟು ಅನುಭವ ಇದೆ. ಮೊದಲ ಮಾತು, ಪ್ರೆಸ್ಸಿನ ಹಿಡಿಗೆ ನೇತಾಡಬೇಡಿ. ಕೇಸಿನ ರಿಮ್ ಹರಿದುಹೋಗುತ್ತದೆ, ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ. ಪ್ರೈಮರ್ ತಳ್ಳುವ ಡೀಕ್ಯಾಪಿಂಗ್ ಪಿನ್ ಇರುವ ಕಂಬಿಯನ್ನು ಮೇಲಿನಿಂದ ಆದಷ್ಟು ಸಡಿಲಿಸಿ ಮೇಲಕ್ಕೆ ಎತ್ತಿಕೊಳ್ಳಿ, ಇಲ್ಲದಿದ್ದರೆ ಡ್ರಿಲ್ ಅದಕ್ಕೇ ಹೊಡೆಯುತ್ತದೆ. ಪ್ರೈಮರ್ ಹೊರಬಂದಿದೆಯಾ ಅಂತ ನೋಡಿಕೊಂಡು ಆ ತೂತನ್ನೇ ದೊಡ್ಡದಾಗಿ ಕೊರೆಯಿರಿ. ಟ್ಯಾಪ್ ಹಾಕಿ ಒಳಗೆ ತಿರುಪಿನ ಮರೆ ಕೊರೆಯಿರಿ. ಮೇಲೊಂದು ಗಟ್ಟಿ ಕೊಳವೆ ತುಂಡು ಮತ್ತು ವಾಷರ್ ಇಟ್ಟು ತಿರುಪಿನ ಬೋಲ್ಟ್ ಬಿಗಿಸುತ್ತಾ ಹೋದರೆ ಕೇಸ್ ತಾನಾಗಿ ಎದ್ದು ಬರುತ್ತದೆ. ಇದಕ್ಕೇ ಅಂತ ಕಿಟ್ ಸಿಗುತ್ತದೆ, ಅದರ ಬೋಲ್ಟ್ ಸಾಮಾನ್ಯವಾಗಿ ಕಾಲಿಂಚಿನದು.

ಕಾರಣ ಹತ್ತಕ್ಕೆ ಒಂಬತ್ತು ಸಲ ಲ್ಯೂಬ್, ಕೇಸಿಗೆ ಹಚ್ಚುವ ಜಿಡ್ಡು. ಸ್ಪ್ರೇ ಬಳಸುತ್ತೀರಾ? ಲ್ಯಾನೊಲಿನ್ ಸ್ಪ್ರೇಯಲ್ಲಿ ಆಲ್ಕೊಹಾಲ್ ಬರೀ ಹೊತ್ತು ತರುವ ಕೂಲಿಯಾಳು. ಅದು ಆರಿಹೋದ ಮೇಲೆ ಉಳಿಯುವ ಜಿಡ್ಡೇ ಕೆಲಸ ಮಾಡುವುದು. ನಾನು ಅವಸರದಲ್ಲಿ ಹಸಿಯಾಗಿರುವಾಗಲೇ ಪ್ರೆಸ್‌ಗೆ ಹಾಕಿ ಮೂರನೇ ಕೇಸಿಗೇ ಸಿಕ್ಕಿಬಿದ್ದೆ. ಕೇಸಿನ ಬುಡದ ಹತ್ತಿರ ಹೆಚ್ಚು ಗಮನ ಕೊಡಿ, ಹಿಡಿತ ಬಿಗಿಯಾಗುವುದು ಅಲ್ಲೇ. ಹಾಗಂತ ಶೋಲ್ಡರ್‌ಗೆ ಬಳಿಯಬೇಡಿ. ಜಿಡ್ಡು ಸಿಕ್ಕಿಕೊಂಡು ಹಿತ್ತಾಳೆ ಒಳಕ್ಕೆ ತಗ್ಗುತ್ತದೆ. ಸಣ್ಣ ತಗ್ಗಾದರೆ ಮುಂದಿನ ಸಲ ಹಾರಿಸಿದಾಗ ಸರಿಹೋಗುತ್ತದೆ, ಬಿಡಿ.

ನಿಧಾನಿ:
ಒಂದು ಸೇರಿಸುತ್ತೇನೆ. ಕೇಸ್ ಇಲ್ಲದೆ ಡೈ ಶೆಲ್ ಹೋಲ್ಡರ್‌ಗೆ ತಾಗಿದೆ ಅಂದ ಮಾತ್ರಕ್ಕೆ ಕೇಸ್ ಇರುವಾಗಲೂ ತಾಗುತ್ತದೆ ಅಂತಲ್ಲ. ಭಾರ ಬಿದ್ದಾಗ ಪ್ರೆಸ್ ಬಾಗುತ್ತದೆ. ಹಿಡಿ ಪೂರ್ತಿ ಕೆಳಗಿರುವಾಗ ಹಿಂದಿನಿಂದ ಟಾರ್ಚ್ ಹಾಕಿ ನೋಡಿ, ಬೆಳಕಿನ ಗೆರೆ ಕಂಡರೆ ಅಷ್ಟು ಸಂದಿ ಇನ್ನೂ ಇದೆ.

ಪೂರ್ತಿ ಒತ್ತಿದರೂ ಒಂದು ಕೇಸ್ ಸರಿ, ಒಂದು ಬಿಗಿ ಆಗುತ್ತಿದ್ದರೆ ಹಿತ್ತಾಳೆ ಗಡುಸಾಗಿದೆ. ಸಲ ಸಲ ಹಾರಿಸಿ ಸೈಜ್ ಮಾಡಿದಂತೆ ಅದು ಗಟ್ಟಿಯಾಗುತ್ತದೆ, ಡೈ ಬಿಟ್ಟ ತಕ್ಷಣ ಸ್ಪ್ರಿಂಗ್ ಹಾಗೆ ಹಿಂದಕ್ಕೆ ಬರುತ್ತದೆ. ಅನೀಲ್ ಮಾಡಿದರೆ, ಅಂದರೆ ಕಾಯಿಸಿ ಮೆತ್ತಗೆ ಮಾಡಿದರೆ, ಸರಿಹೋಗುತ್ತದೆ, ಆದರೆ ಕತ್ತು ಮತ್ತು ಶೋಲ್ಡರ್ ಮಾತ್ರ. ಬುಡಕ್ಕೆ ಬಿಸಿ ತಟ್ಟಬಾರದು. ಮೆತ್ತಗಾದ ಬುಡ ಒತ್ತಡ ತಡೆಯುವುದಿಲ್ಲ.

ಕತ್ತನ್ನು ಒಳಗಿನಿಂದ ಅಗಲಿಸುವ ಎಕ್ಸ್‌ಪ್ಯಾಂಡರ್ ಬಾಲ್ ಹೊರಬರುವಾಗ ಕಿರ್ ಅಂತ ಸದ್ದು ಬರುತ್ತಿದ್ದರೆ ಕತ್ತಿನ ಒಳಗೂ ಚೂರು ಲ್ಯೂಬ್ ಬೇಕು. ಒಣಗಿದ ಬಾಲ್ ಕತ್ತನ್ನು ಎಳೆದುಕೊಂಡೇ ಬರುತ್ತದೆ, ಶೋಲ್ಡರ್ ಮತ್ತೆ ಮುಂದೆ ಬರುತ್ತದೆ.

ಹೊಳೆವ ಗೆರೆ:
ಎಲ್ಲರೂ ಡೈ ಇಳಿಸಿ ಅನ್ನುತ್ತಿದ್ದೀರಿ. ನಾನು ಇಳಿಸಿ ಕೆಟ್ಟವನು. ಬಿಗಿಯ ಕಿರಿಕಿರಿ ಬೇಡ ಅಂತ ಡೈ ತಾಗಿದ ಮೇಲೂ ಇನ್ನಷ್ಟು ತಿರುಗಿಸಿ ಬಿಟ್ಟಿದ್ದೆ. ಶೋಲ್ಡರ್ 0.008 ಇಂಚು ಹಿಂದೆ ಹೋಗುತ್ತಿತ್ತು, ನಾನು ಅಳೆದಿರಲೇ ಇಲ್ಲ. ಹಾರಿಸಿದಾಗಲೆಲ್ಲ ಕೇಸ್ ಅಷ್ಟು ಹಿಗ್ಗಬೇಕು, ಹಿಗ್ಗುವುದು ಬುಡದ ಸ್ವಲ್ಪ ಮೇಲೆ. ನಾಲ್ಕನೇ ಸಲಕ್ಕೆ ಅಲ್ಲಿ ಸುತ್ತಲೂ ಹೊಳೆಯುವ ಗೆರೆ ಕಂಡಿತು. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಸಣ್ಣಗೆ ಬಗ್ಗಿಸಿ ಒಳಗಿನಿಂದ ಗೀರಿದರೆ ಅಲ್ಲೊಂದು ಹಳ್ಳ ಕೈಗೆ ತಿಳಿಯುತ್ತಿತ್ತು. ಆ ಇಡೀ ಗುಂಪಿನ ಕೇಸುಗಳನ್ನು ಗುಜರಿಗೆ ಹಾಕಿದೆ. ಇನ್ನೊಂದು ಸಲ ಹಾರಿಸಿದ್ದರೆ ಬುಡ ಬೇರೆ, ಮೈ ಬೇರೆ ಆಗುತ್ತಿತ್ತೇನೋ.

ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಕೇಸ್ ಹೊರಬಂತು, ಬೋಲ್ಟ್ ಉಪಾಯವೇ ಕೆಲಸ ಮಾಡಿತು. ಡೈ ಒಳಗೆ ಗೀರು ಬಿದ್ದಿಲ್ಲ. ಹೌದು, ಸ್ಪ್ರೇ ಆರಲು ನಾನೂ ಬಿಟ್ಟಿರಲಿಲ್ಲ! ಹಾರಿಸಿದ ಕೇಸ್ 1.631, ನನ್ನ ಹಳೇ ಸೆಟ್ಟಿಂಗ್‌ನಲ್ಲಿ 1.634. ಚೂರು ಚೂರು ಇಳಿಸಿ 1.629ಕ್ಕೆ ತಂದು ಲಾಕ್ ರಿಂಗ್ ಬಿಗಿಸಿದ್ದೇನೆ. ಹತ್ತು ಖಾಲಿ ಕೇಸ್ ಹಾಕಿ ನೋಡಿದೆ. ಒಂಬತ್ತಕ್ಕೆ ಬೋಲ್ಟ್ ಸಲೀಸಾಗಿ ಬಿತ್ತು. ಹತ್ತನೆಯದು ಇನ್ನೂ ಬಿಗಿ, ಅದನ್ನು ಬೇರೆ ಇಟ್ಟಿದ್ದೇನೆ.

ನಿಧಾನಿ:
ಅದೊಂದನ್ನು ಎಷ್ಟು ಸಲ ಹಾರಿಸಿದ್ದೀರಿ, ಲೆಕ್ಕ ಇದೆಯಾ?

ಹೊಸಬ:
ಇಲ್ಲ. ಎಲ್ಲವೂ ಒಂದೇ ಡಬ್ಬಿಯಲ್ಲಿದ್ದವು. ಈಗ ಬೇರೆ ಬೇರೆ ಮಾಡುತ್ತಿದ್ದೇನೆ.